ಒಲ್ಲೆ ಅಂದವರು

ನಮ್ಮ ಪಕ್ಕದ ಮನೆ ಮೇಷ್ಟ್ರಿಗೆ ಇಸ್ರೇಲಿನ ನೆತನ್ಯಾಹು ಅಂದರೆ ಒಂದು ಕೈ ಜಾಸ್ತಿ ಅಭಿಮಾನ. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತರಾದ ಮನುಷ್ಯ. ವಿ.ಸಿ. ನಾಲೆಗೆ ನೀರು ಬಿಟ್ಟರೋ ಇಲ್ಲವೋ ಅಂತ ಪಾಂಡವಪುರದ ಮಿಕ್ಕವರೆಲ್ಲ ತಲೆ ಕೆಡಿಸಿಕೊಂಡಿದ್ದರೆ ಇವರಿಗೆ ಟೆಹರಾನಿನ ಚಿಂತೆ. ಟಿವಿಯಲ್ಲಿ ಇರಾನ್ ಅನ್ನುವ ಹೆಸರು ಬಂದರೆ ಸಾಕು, ಬೇಲಿ ಹತ್ತಿರ ನಿಂತು ಕೆಮ್ಮುತ್ತಾರೆ. ನಾನು ಹೊರಗೆ ಬರುವ ತನಕ ಆ ಕೆಮ್ಮು ವಾಸಿಯಾಗುವುದಿಲ್ಲ.

“ಅವತ್ತೇ ಹೇಳಿದ್ದ ಕಣ್ರೀ ಅವ್ನು,” ಅಂತ ಶುರು ಮಾಡಿದರು. “2015ರ ಮಾರ್ಚ್ 3. ಅಮೆರಿಕದೋರ ಪಾರ್ಲಿಮೆಂಟಲ್ಲೇ ನಿಂತ್ಕಂಡು, ಅಮೆರಿಕದ ಅಧ್ಯಕ್ಷ ಮಾಡಕ್ಕೆ ಹೊರಟಿದ್ದ ಒಪ್ಪಂದಾನೇ ಕೆಟ್ಟದ್ದು ಅಂದ್ಬುಟ್ಟ. ಎಂಟೆದೆ ಬೇಕು ಅದಕ್ಕೆ.”

ಎಂಟೆದೆ ಇರಲಿ, ಕರೆದವರು ಯಾರು ಅಂತ ಕೇಳಿದೆ. ಒಬಾಮಾ ಅಂತೂ ಅಲ್ಲ. ಎದುರು ಪಕ್ಷದ ಸ್ಪೀಕರ್ ಜಾನ್ ಬೇನರ್, ಅದೂ ಶ್ವೇತಭವನಕ್ಕೆ ಒಂದು ಮಾತು ಕೇಳದೆ. ಒಬಾಮಾ ಪಕ್ಷದ 50ಕ್ಕೂ ಹೆಚ್ಚು ಸದಸ್ಯರು ಸಭೆಯ ಕಡೆ ತಲೆ ಹಾಕಲಿಲ್ಲ. ಸಾಲದ್ದಕ್ಕೆ ಮಾರ್ಚ್ 17ಕ್ಕೆ ಇಸ್ರೇಲಿನಲ್ಲಿ ಚುನಾವಣೆ. ಓಟಿಗೆ ಎರಡು ವಾರ ಇರುವಾಗ ರಾಜಕಾರಣಿ ಯಾವ ದೇಶಕ್ಕೆ ಹೋಗಿ ಏನು ಮಾತಾಡಿದರೂ ಅದು ಊರಿನವರ ಕಿವಿಗೇ ಅನ್ನುವುದು ಕೆ.ಆರ್. ಪೇಟೆ ಸಂತೆಯಲ್ಲಿ ಸೊಪ್ಪು ಮಾರುವವರಿಗೂ ಗೊತ್ತು.

“ಓಟಿಗೋಸ್ಕರ ಆಡಿದ್ರೆ ಮಾತು ಸುಳ್ಳಾಗೋಯ್ತದಾ?” ಅಂದರು ಮೇಷ್ಟ್ರು.

ಆಗುವುದಿಲ್ಲ, ನಿಜ. ಆ ಭಾಷಣದಲ್ಲಿ ಎಸ್ತರ್ ರಾಣಿಯ ಕಥೆ, ಇನ್ನೊಂದು ಮತ್ತೊಂದು ಎಲ್ಲ ಇದ್ದವು. ತಿರುಳು ಎರಡೇ ಮಾತು. ಒಪ್ಪಂದ ಆದ ಮೇಲೂ ಯುರೇನಿಯಂ ಅನಿಲವನ್ನು ಗಿರ್ರನೆ ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜುಗಳು ಸಾವಿರಗಟ್ಟಲೆ ಇರಾನಿನ ಕೈಯಲ್ಲೇ ಉಳಿಯುತ್ತವೆ ಅನ್ನುವುದು ಒಂದು. ಹಾಕಿದ ಕಟ್ಟುಪಾಡುಗಳೆಲ್ಲ ಹತ್ತು ವರ್ಷದ ಆಸುಪಾಸಿನಲ್ಲಿ ತೀರಿಹೋಗುತ್ತವೆ ಅನ್ನುವುದು ಇನ್ನೊಂದು. ಮೇಷ್ಟ್ರು ಹಿಡಿದುಕೊಂಡದ್ದು ಈ ಎರಡನೆಯದನ್ನು.

“ವಾಯಿದೆ ಮುಗುದ್ಮೇಲೆ ಏನು? ಮಂಡ್ಯ ಜಿಲ್ಲೆಯೋರಿಗೆ ಈ ಪ್ರಶ್ನೆ ಅರ್ಥ ಆಗ್ದೆ ಇದ್ರೆ ಇನ್ಯಾರಿಗೆ ಆದಾತು? 1924 ಮರ್ತೋಯ್ತಾ ನಿಮ್ಗೆ?”

ಅದು ಮರೆಯುವಂಥದ್ದಲ್ಲ. ಕಾವೇರಿಗೆ ಕನ್ನಂಬಾಡಿ ಕಟ್ಟೆ ಕಟ್ಟುವ ಕೆಲಸ ಶುರುವಾಗಿದ್ದು 1911ರಲ್ಲಿ. ಎಷ್ಟು ಎತ್ತರ ಕಟ್ಟಬೇಕು, ಕೆಳಗೆ ಎಷ್ಟು ಬಿಡಬೇಕು ಅಂತ ಮೈಸೂರಿಗೂ ಮದ್ರಾಸಿಗೂ ಜಗ್ಗಾಟ ನಡೆದು ಸಹಿ ಬಿದ್ದದ್ದು 1924ರ ಫೆಬ್ರವರಿಯಲ್ಲಿ. ಐವತ್ತು ವರ್ಷದ ವಾಯಿದೆ. 1974 ಬಂದೇ ಬಂತು. ಮುಗಿಯಿತು ಅಂತ ನಾವು, ಎಲ್ಲಿ ಮುಗಿಯಿತು ಅಂತ ಅವರು. ನ್ಯಾಯಮಂಡಳಿ ಬರುವ ಹೊತ್ತಿಗೆ 1990, ಅದರ ಐತೀರ್ಪಿಗೆ 2007, ಸುಪ್ರೀಂ ಕೋರ್ಟು 177.25 ಟಿ.ಎಂ.ಸಿ. ಅಂತ ಲೆಕ್ಕ ಹರಿಯುವ ಹೊತ್ತಿಗೆ 2018. ಒಪ್ಪಂದ ಇದ್ದದ್ದು ಐವತ್ತು ವರ್ಷ, ಅದು ಮುಗಿದ ಮೇಲಿನ ವ್ಯಾಜ್ಯ ನಲವತ್ತನಾಲ್ಕು ವರ್ಷ. ವಾಯಿದೆಯ ವಿಚಾರಕ್ಕೆ ನೆತನ್ಯಾಹು ಮಾತಿನಲ್ಲಾಗಲಿ ನಮ್ಮ ಮೇಷ್ಟ್ರ ಮಾತಿನಲ್ಲಾಗಲಿ ಹುರುಳಿಲ್ಲ ಅನ್ನಲು ನನಗೆ ನಾಲಿಗೆ ಏಳಲಿಲ್ಲ.

ಆದರೂ ಸುಮ್ಮನಿರುವ ಜಾಯಮಾನ ನನ್ನದಲ್ಲ. “ಮೇಷ್ಟ್ರೇ, ಬಿಳಿಗುಂಡ್ಲು ಮರ್ತಿರಲ್ಲ,” ಅಂದೆ. ಗಡಿಯಲ್ಲಿ ಕೇಂದ್ರ ಜಲ ಆಯೋಗದವರು ನೀರು ಅಳೆಯುವ ಜಾಗ ಅದು. ಕಡಿಮೆ ಬಿಟ್ಟಿರಿ ಅಂತ ಅವರು ಕೂಗಲಿ, ಜಾಸ್ತಿ ಹೋಯಿತು ಅಂತ ನಾವು ರಸ್ತೆಗೆ ಇಳಿಯಲಿ, ಕೊನೆಗೆ ಎಲ್ಲರೂ ನೋಡುವುದು ಆ ಅಂಕಿಯನ್ನೇ. 2015ರ ಜುಲೈ 14ರಂದು ವಿಯೆನ್ನಾದಲ್ಲಿ ಆದ ಒಪ್ಪಂದದ ಜೀವ ಇದ್ದದ್ದೂ ಅಂಥ ಅಳತೆಯಲ್ಲಿ. ಯುರೇನಿಯಂ 3.67 ಶೇಕಡಾಕ್ಕಿಂತ ಹೆಚ್ಚು ಹದವಾಗಕೂಡದು, 300 ಕಿಲೋಗಿಂತ ಹೆಚ್ಚು ದಾಸ್ತಾನು ಇರಕೂಡದು, ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯವರು ಬಂದು ನೋಡಬೇಕು. ಬಂದರು, ನೋಡಿದರು, ಮಿತಿ ಮೀರಿಲ್ಲ ಅಂತ ವರದಿ ಮೇಲೆ ವರದಿ ಕೊಟ್ಟರು. 2018ರ ಮೇ 8ಕ್ಕೆ ಟ್ರಂಪ್ ಎದ್ದು ಹೊರಟ. ಮಾರನೆಯ ವರ್ಷ ಇರಾನ್ ಮಿತಿ ದಾಟಿತು. 2021ರ ಏಪ್ರಿಲಿಗೆ 60 ಶೇಕಡಾ. ಬಾಂಬಿಗೆ ಬೇಕಾದ 90 ಅಲ್ಲಿಂದ ದೂರವೇನಲ್ಲ. 2025ರ ಜೂನಿನಲ್ಲಿ ಇಸ್ರೇಲೂ ಅಮೆರಿಕವೂ ಸೇರಿ ಬಾಂಬು ಹಾಕಿದ್ದಂತೂ ಟಿವಿಯಲ್ಲೇ ಆಯಿತು.

“ಒಪ್ಪಂದ ಬ್ಯಾಡ ಅಂತ ಭಾಷಣ ಮಾಡ್ದೋನು ಗೆದ್ದ. ಗೆದ್ದು ಏನ್ ಸಿಕ್ತು? 3.67 ಇದ್ದದ್ದು 60 ಆಯ್ತು.”

“ನೋಡಿದ್ರಾ, ಮೊದ್ಲೇ ಮನಸಲ್ಲಿತ್ತು ಅವ್ರಿಗೆ,” ಅಂದರು ಮೇಷ್ಟ್ರು. ಈ ವಾದಕ್ಕೆ ಸೋಲು ಅನ್ನುವುದೇ ಇಲ್ಲ. ಮಿತಿಯೊಳಗಿದ್ದರೆ ನಾಟಕ, ಮೀರಿದರೆ ನಿಜರೂಪ.

ಅಷ್ಟರಲ್ಲಿ ಜಗಲಿ ಮೇಲೆ ಕೂತು ಅವರೆಕಾಳು ಹಿದುಕುತ್ತಿದ್ದ ಅವರ ಮನೆಯಾಕೆ, “ಅಲ್ಲಾ, ನಮ್ ಗೌಡ್ರೂ ಹಿಂಗೇ ಯಾವ್ದಕ್ಕೋ ಒಲ್ಲೆ ಅಂದಿರ್ನಿಲ್ವಾ?” ಅಂದರು. ಅಕ್ಕನ ತವರು ಕೆ.ಆರ್. ಪೇಟೆ ಕಡೆ. ಅಲ್ಲಿಂದ ಹೊಳೆನರಸೀಪುರ ಪಕ್ಕದ ತಾಲ್ಲೂಕು. ಆ ಸೀಮೆಯಲ್ಲಿ ಬರೀ ಗೌಡ್ರು ಅಂದರೆ ಯಾರು ಅಂತ ಯಾರೂ ಕೇಳುವುದಿಲ್ಲ.

ಅಂದಿದ್ದರು, ಹೌದು. ಸಿ.ಟಿ.ಬಿ.ಟಿ., ಅಣುಪರೀಕ್ಷೆಯನ್ನೇ ನಿಷೇಧಿಸುವ ಒಪ್ಪಂದ. ದೇವೇಗೌಡರು 1996ರ ಜೂನ್ 1ಕ್ಕೆ ಪ್ರಧಾನಿಯಾದರು. ಮೂರು ವಾರ ತುಂಬಿರಲಿಲ್ಲ, ಜೂನ್ 20ಕ್ಕೆ ಜಿನೀವಾದಲ್ಲಿ ನಮ್ಮ ರಾಯಭಾರಿ ಅರುಂಧತಿ ಘೋಷ್ ಎದ್ದು ನಿಂತು, ಈ ರೂಪದಲ್ಲಿ ಇದಕ್ಕೆ ಭಾರತದ ಸಹಿ ಇಲ್ಲ ಅಂದುಬಿಟ್ಟರು. ಬೆನ್ನಿಗೆ ಇದ್ದದ್ದು ಎಂಥ ಸರ್ಕಾರ ಅಂತೀರಿ! ಪ್ರಧಾನಿಯ ಸ್ವಂತ ಪಕ್ಷಕ್ಕೆ ಲೋಕಸಭೆಯಲ್ಲಿ 46 ಸ್ಥಾನ, ಹೊರಗಿನಿಂದ ಕಾಂಗ್ರೆಸ್ಸಿನ ಊರುಗೋಲು, ಇವತ್ತು ಬೀಳುತ್ತೋ ನಾಳೆ ಬೀಳುತ್ತೋ ಅನ್ನುವ ಸ್ಥಿತಿ. ಗೌಡರು ಸಭೆಯಲ್ಲಿ ತೂಕಡಿಸುವ ವ್ಯಂಗ್ಯಚಿತ್ರ ನೋಡಿ ನಕ್ಕವರಲ್ಲಿ ನಾನೂ ಇದ್ದೆ. ಆ ತೂಕಡಿಕೆಯ ಸರ್ಕಾರ ಐದು ದೊಡ್ಡ ದೇಶಗಳ ಎದುರು ಮಿಸುಕಲಿಲ್ಲ.

ಗೌಡರ ಸರ್ಕಾರದ ತಕರಾರೂ ಎರಡೇ. ಬಾಂಬು ಇಟ್ಟುಕೊಂಡವರು ಅದನ್ನು ಯಾವತ್ತು ಬಿಡುತ್ತಾರೆ ಅನ್ನುವುದಕ್ಕೆ ಗಡುವೇ ಇಲ್ಲ; ಪ್ರಯೋಗಾಲಯದಲ್ಲಿ, ಕಂಪ್ಯೂಟರಿನಲ್ಲಿ ಅವರು ಪರೀಕ್ಷೆ ಮಾಡಿಕೊಳ್ಳಬಹುದು, ಹೊಸಬರು ಮಾತ್ರ ಕೈ ಕಟ್ಟಿ ಕೂರಬೇಕು. ಒಪ್ಪಂದ ಬರೆದವರು ಇದರ ಮೇಲೆ ಇನ್ನೊಂದು ಚಮತ್ಕಾರ ಸೇರಿಸಿದರು. ಹೆಸರಿಸಿದ 44 ದೇಶಗಳು ಅನುಮೋದಿಸದೆ ಒಪ್ಪಂದ ಜಾರಿಗೇ ಬರುವುದಿಲ್ಲ ಅಂತ ಬರೆದು, ಆ ಪಟ್ಟಿಗೆ ಭಾರತದ ಹೆಸರನ್ನೂ ಸೇರಿಸಿದರು, ಒಲ್ಲೆ ಅಂದ ಮೇಲೂ. ಜಿನೀವಾದಲ್ಲಿ ಎಲ್ಲರ ಒಪ್ಪಿಗೆ ಬೇಕು, ಭಾರತ ತಡೆಯಿತು. ಆಸ್ಟ್ರೇಲಿಯಾ ಅದನ್ನು ವಿಶ್ವಸಂಸ್ಥೆಯ ಮಹಾಸಭೆಗೆ ಹೊತ್ತುಕೊಂಡು ಹೋಯಿತು. ಸೆಪ್ಟೆಂಬರ್ 10ರಂದು ಪರವಾಗಿ 158, ವಿರುದ್ಧ 3. ಭಾರತ, ಭೂತಾನ್, ಲಿಬಿಯಾ.

“ಮೂರೇ ಮೂರಾ?” ಅಂದರು ಅಕ್ಕ. ದನಿಯಲ್ಲಿ ಸಂಕೋಚ ಇರಲಿಲ್ಲ, ಹೆಮ್ಮೆಯೇ ಇತ್ತು.

“ಮತ್ತೆ? ಗೌಡ್ರು ಅಂದ್ರೆ ಸರಿ, ನೆತನ್ಯಾಹು ಅಂದ್ರೆ ತಪ್ಪಾ?” ಮೇಷ್ಟ್ರಿಗೆ ಹೆಂಡತಿಯೇ ದಾರಿ ತೋರಿಸಿದ್ದರು.

ನನಗೆ ಕಾಣುವ ವ್ಯತ್ಯಾಸ ಇಷ್ಟು. ಗೌಡರ ಸರ್ಕಾರ ಒಲ್ಲೆ ಅಂದದ್ದು ತನ್ನ ಸಹಿಗೆ. ನಿಮ್ಮ ಪಾಡಿಗೆ ನೀವು ಮಾಡಿಕೊಳ್ಳಿ, ನನ್ನ ಹೆಬ್ಬೆಟ್ಟು ಕೇಳಬೇಡಿ ಅಂದಹಾಗೆ; ಜಿನೀವಾದಲ್ಲಿ ತಡೆದದ್ದು ಪಟ್ಟಿಗೆ ತನ್ನ ಹೆಸರು ಸೇರಿಸಿದ ಮೇಲೆ. ನೆತನ್ಯಾಹು ಒಲ್ಲೆ ಅಂದದ್ದು ಬೇರೆಯವರು ಬೇರೆಯವರ ಜೊತೆ ಮಾಡಿಕೊಳ್ಳುವ ಸಹಿಗೆ. ಇದನ್ನು ಹೇಳಿದ ಕೂಡಲೇ ಮೇಷ್ಟ್ರು, “ಬಾಂಬು ಬಿದ್ರೆ ಯಾರ ತಲೆ ಮೇಲೆ ಬೀಳಾದು? ಅವ್ನ ತಲೆ ಮೇಲೇ ತಾನೆ? ಹಂಗಿದ್ಮೇಲೆ ಅದು ಅವ್ನ ವಿಚಾರ ಅಲ್ವಾ?” ಅಂದರು. ಇದು ಗಟ್ಟಿ ಮಾತು. ಟೆಲ್ ಅವೀವ್‌ನಲ್ಲಿ ಮಕ್ಕಳನ್ನು ಮಲಗಿಸುವವರಿಗೆ ವಿಯೆನ್ನಾದ ಶೇಕಡಾವಾರು ಲೆಕ್ಕದಿಂದ ನಿದ್ದೆ ಬರುತ್ತದೆ ಅನ್ನುವ ಧೈರ್ಯ ನನಗಿಲ್ಲ.

ಆದರೆ ಹಾಗೆ ಹೇಳುವ ಇಸ್ರೇಲ್ ತನ್ನ ಡಿಮೋನಾದ ಅಣು ಸ್ಥಾವರದೊಳಕ್ಕೆ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಯವರನ್ನು ಬಿಟ್ಟಿಲ್ಲ. ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕಿರುವುದು ಇರಾನ್, ಇಸ್ರೇಲ್ ಅಲ್ಲ.

“ನಾವು ಹಾಕಿದೀವಾ?” ಮೇಷ್ಟ್ರು ಕೇಳಿದರು, ಮೀಸೆಯಡಿ ನಗುತ್ತಾ.

ಹಾಕಿಲ್ಲ. ದೂರ ಯಾಕೆ, ಕಟ್ಟೆಯಿಂದ ಇಲವಾಲ ಎಷ್ಟು ದೂರ ಮಹಾ. ಅಲ್ಲೇ ರಟ್ನಹಳ್ಳಿಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರ ಕಾರ್ಖಾನೆ, ನಮ್ಮವರ ಬಾಯಲ್ಲಿ ಆರ್.ಎಂ.ಪಿ. ಅಲ್ಲಿ ತಿರುಗುವುದೂ ಅದೇ ಸೆಂಟ್ರಿಫ್ಯೂಜು, ಅಂತಾರಾಷ್ಟ್ರೀಯ ತಪಾಸಣೆ ಅಲ್ಲಿಗೂ ಬರುವುದಿಲ್ಲ. ಅಮೆರಿಕದ ಜೊತೆ ಅಣು ಒಪ್ಪಂದ ಮಾಡಿಕೊಂಡಾಗಲೂ ಅದನ್ನು ತಪಾಸಣೆಯ ಪಟ್ಟಿಗೆ ಸೇರಿಸಲಿಲ್ಲ. ಆ ಒಪ್ಪಂದದ ಮಾತುಕತೆ ನಡೆಯುತ್ತಿದ್ದ 2005ರ ಸೆಪ್ಟೆಂಬರಿನಲ್ಲಿ, ಮತ್ತೆ 2006ರ ಫೆಬ್ರವರಿಯಲ್ಲಿ, ಭಾರತ ಅಣುಶಕ್ತಿ ಸಂಸ್ಥೆಯಲ್ಲಿ ಇರಾನಿನ ವಿರುದ್ಧ ಕೈ ಎತ್ತಿತು.

“ಅಂದ್ರೆ ನಮ್ಮನೆ ಅಡಿಗೆಮನೆ ಬಾಗ್ಲು ಹಾಕ್ಕಂಡು ಪಕ್ಕದೋರ ಒಲೆ ಮೇಲೆ ಏನೈತೆ ಅಂತ ಕೇಳ್ದಂಗೆ,” ಅಂದರು ಅಕ್ಕ. ಅಲ್ಲಿಯ ತನಕ ನಾನೂ ಮೇಷ್ಟ್ರೂ ಸೇರಿ ಇಷ್ಟು ಚೊಕ್ಕ ಮಾತು ಒಂದೂ ಆಡಿರಲಿಲ್ಲ.

ಮೇಷ್ಟ್ರು ಬೇಗ ಸುಧಾರಿಸಿಕೊಂಡರು. “ಹಂಗಾದ್ರೆ ಸಿ.ಟಿ.ಬಿ.ಟಿ.ಗೆ ಇರಾನು, ಇಸ್ರೇಲು ಏನ್ ಮಾಡಿದ್ವು?”

ಎರಡೂ 1996ರಲ್ಲೇ ಸಹಿ ಹಾಕಿವೆ, ಎರಡೂ ಅನುಮೋದಿಸಿಲ್ಲ. ಕ್ಲಿಂಟನ್ ಎಲ್ಲರಿಗಿಂತ ಮೊದಲು ಸಹಿ ಹಾಕಿದ; 1999ರ ಅಕ್ಟೋಬರಿನಲ್ಲಿ ಅವನದೇ ಸೆನೆಟ್ಟು ತಿರಸ್ಕರಿಸಿತು. ಅನುಮೋದಿಸಿದ್ದ ರಷ್ಯಾ 2023ರಲ್ಲಿ ವಾಪಸು ತೆಗೆದುಕೊಂಡಿತು. ನಾವು ಮೊದಲೇ ಒಲ್ಲೆ ಅಂದೆವು, 1998ರ ಮೇ ತಿಂಗಳಲ್ಲಿ ಪೋಖರಣ್‌ನಲ್ಲಿ ಸ್ಫೋಟಿಸಿದೆವು. ಆ ಹೊತ್ತಿಗೆ ಗೌಡರು ಪ್ರಧಾನಿಯಲ್ಲ. ಒಪ್ಪಂದ ಇವತ್ತಿಗೂ ಜಾರಿಗೆ ಬಂದಿಲ್ಲ.

“ಅದೇನೇ ಅನ್ನಿ, ವಾಯಿದೆ ಇಟ್ಟ ಒಪ್ಪಂದ ಒಪ್ಪಂದ ಅಲ್ಲ,” ಮೇಷ್ಟ್ರು ಹಳೆಯ ಜಾಗಕ್ಕೇ ಬಂದರು. “ಆ ವಿಯೆನ್ನಾದ್ರಲ್ಲಿ ಶೇಕಡಾ 3.67 ಎಷ್ಟು ವರ್ಷಕ್ಕಿತ್ತು?”

“ಹದಿನೈದು.”

“ಸುಪ್ರೀಂ ಕೋರ್ಟು ಕಾವೇರಿ ತೀರ್ಪು ಎಷ್ಟು ವರ್ಷಕ್ಕೆ ಅಂತ ಬರೆದದೆ?”

ಅದೂ ಹದಿನೈದೇ. ಹೇಳಿದೆ.

“2018ಕ್ಕೆ ಹದಿನೈದು ಕೂಡ್ಸಿ.”

“2033.”

“ಆಗ?”

“ಆಗ ಅವ್ರೂ ದಿಲ್ಲಿಗೆ ಹೋಗಿ ಭಾಷಣ ಮಾಡ್ತಾರೆ, ನಾವೂ ಹೋಗಿ ಮಾಡ್ತೀವಿ,” ಅಂದೆ. “ಬಿಳಿಗುಂಡ್ಲಲ್ಲಿ ಅಳಿಯೋರು ಇದ್ದೇ ಇರ್ತಾರಲ್ಲ ಮೇಷ್ಟ್ರೇ.”

“ಅಳಿಯೋರು ಇರ್ತಾರೆ ಬುಡಿ. ಅವತ್ತು ಕಟ್ಟೇಲಿ ನೀರಿದ್ರಾಯ್ತು.”