ನಾಲ್ಕಾಳು ಎತ್ತುವ ಗಾಡಿ

ನಮ್ಮೂರು ಹರ್ತಿಯಲ್ಲಿ ಬಸವಣ್ಣ ಇದ್ದಾನೆ, ಚಾಲುಕ್ಯರ ಕಾಲದ ಕೆತ್ತನೆಯ ನಡುವೆ ಪಾರ್ವತಿ ಪರಮೇಶ್ವರರೂ ಇದ್ದಾರೆ. ರೈಲು ಮಾತ್ರ ಇಲ್ಲ. ಅದನ್ನು ನೋಡಬೇಕೆಂದರೆ ಗದಗಿಗೇ ಹೋಗಬೇಕು. ಹಾಗಾಗಿ ರೈಲಿನ ವಿಷಯದಲ್ಲಿ ನಮ್ಮೂರವರದು ಸ್ವಲ್ಪ ಅತಿಯಾದ ಅಕ್ಕರೆ. ನನ್ನ ಅಕ್ಕರೆ ಎಂಜಿನ್ನಿನ ಮೇಲೂ ಅಲ್ಲ, ಡಬ್ಬಿಯ ಮೇಲೂ ಅಲ್ಲ. ಹಳಿಯ ಮೇಲೆ ಒಂದು ಬೆಂಚು, ಬೆಂಚಿನ ಮೇಲೆ ಒಬ್ಬ ಸಾಹೇಬರು, ಸಾಹೇಬರ ಮೇಲೊಂದು ಕೊಡೆ, ಹಿಂದೆ ಹಳಿಯ ಮೇಲೆಯೇ ಬರಿಗಾಲಲ್ಲಿ ಓಡುತ್ತ ತಳ್ಳುವವರು: ಆ ತಪಾಸಣೆಯ ಟ್ರಾಲಿಯ ಮೇಲೆ.

ರೈಲ್ವೆ ನಿಯಮಾವಳಿ ಈ ವಾಹನವನ್ನು ಗುರುತಿಸುವ ರೀತಿಯೇ ಚೆಂದ. ಉದ್ದ, ಅಗಲ, ತೂಕದ ಗೊಡವೆಗೇ ಅದು ಹೋಗುವುದಿಲ್ಲ. ನಾಲ್ಕು ಆಳು ಅನಾಮತ್ತಾಗಿ ಎತ್ತಿ ಹಳಿಯಿಂದ ಆಚೆ ಇಡಬಹುದಾದರೆ ಟ್ರಾಲಿ. ಅದಕ್ಕಿಂತ ಭಾರವಾದರೆ ಲಾರಿ. ಈ ಲೆಕ್ಕದಲ್ಲಿ ಹೋಳಿಗೆ ಊಟ ಮುಗಿಸಿ ಎದ್ದ ನಮ್ಮ ಬೀಗರಲ್ಲಿ ಕೆಲವರು ಟ್ರಾಲಿ, ಉಳಿದವರೆಲ್ಲ ಲಾರಿ. ನಗು ಬಂದರೂ ಈ ನಿಯಮ ಬರೆದವನು ಹಳಿ ಕಂಡವನೇ ಇರಬೇಕು. ಎದುರಿಗೆ ಗಾಡಿ ಬಂದಾಗ ಬೇಕಾಗುವುದು ತೂಕದ ಅಂಕಿಯಲ್ಲ, ನಾಲ್ಕು ಜೊತೆ ತೋಳು.

ನಮ್ಮ ಸೋದರಮಾವ ಟ್ರಾಲಿಮ್ಯಾನ್ ಆಗಿ ನಿವೃತ್ತರಾದವರು. "ಸಾಹೇಬ್ರು ಕಣ್ಣಿಲೆ ನೋಡತಿದ್ರು, ನಾವು ಅಂಗಾಲಿಲೆ. ಹಳಿ ಎಲ್ಲಿ ಕುಂತೈತಿ, ಎಲ್ಲಿ ಎದ್ದೈತಿ, ಮೊದಲು ಗೊತ್ತಾಗೂದು ಕಾಲಿಗೇ ಅಳಿಯಾ" ಎನ್ನುತ್ತಾರೆ. ವರದಿಗೆ ಸಹಿ ಮಾತ್ರ ಕಣ್ಣಿನವರದು. ಕಾಲಿನವರದು ಏರಿನಲ್ಲಿ ಇಳಿದು ತಳ್ಳುವುದು, ಇಳಿಜಾರಿನಲ್ಲಿ ಹಾರಿ ಹಿಂದೆ ಕೂಡುವುದು, ತಿರುವು ಬಂದರೆ ಕಿವಿಗೊಡುವುದು. ಕೆಂಪು ನಿಶಾನಿ ಸದಾ ಮೇಲಿರಬೇಕು. ಇನ್ನೊಂದು ಸೂಕ್ಷ್ಮವಿದೆ: ಹಳಿಯಲ್ಲಿ ವಿದ್ಯುತ್ ಹರಿಸಿ ಸಿಗ್ನಲ್ ನಡೆಸುವ ಕಡೆ ಟ್ರಾಲಿಯ ಎರಡೂ ಬದಿಯ ಗಾಲಿಗಳ ನಡುವೆ ಕರೆಂಟು ದಾಟದಂತೆ ತಡೆ ಹಾಕಿರುತ್ತಾರೆ. ಇಲ್ಲದಿದ್ದರೆ ಸಿಗ್ನಲ್ಲು ಈ ಬೆಂಚನ್ನೇ ಪೂರ್ತಿ ರೈಲೆಂದು ನಂಬಿಬಿಡುತ್ತದೆ. ಮಾವನ ಜೀವಮಾನದಲ್ಲಿ ಅವರನ್ನು ಅಷ್ಟು ದೊಡ್ಡವರೆಂದು ತಿಳಿಯಬಲ್ಲ ಪ್ರಾಣಿ ಅದೊಂದೇ. ಅದಕ್ಕೂ ಇಲಾಖೆ ಅಡ್ಡಗಾಲು ಹಾಕಿತು.

ಗದಗಿನ ಹಳಿ ಬರಗಾಲದ ಕೂಸು. 1876–78ರ ಘೋರ ಬರದಲ್ಲಿ ಕಾಳು ಸಾಗಿಸಲು ದಾರಿಯಿಲ್ಲದೆ ಜನ ಸತ್ತ ಮೇಲೆ ಸರಕಾರಕ್ಕೆ ರೈಲಿನ ನೆನಪಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1884ರಲ್ಲಿ ಹೋಟಗಿಯಿಂದ ಗದಗಿನವರೆಗೆ ಮೀಟರ್ ಗೇಜ್ ಬಂತು. ಹಳಿ ಬಂದಲ್ಲಿ ಅದನ್ನು ಕಾಯುವವರೂ ಬರಲೇಬೇಕು.

ಇತ್ತ ನಮ್ಮಲ್ಲಿ ಬರ ಮುಗಿಯುವ ಹೊತ್ತಿಗೆ ಅತ್ತ ಅಮೆರಿಕದ ಮಿಷಿಗನ್ನಿನಲ್ಲಿ ಜಾರ್ಜ್ ಶೆಫೀಲ್ಡ್ ಎಂಬಾತ ಹಳಿಯ ಮೇಲೆ ಓಡುವ ಮೂರು ಗಾಲಿಯ ಕೈಗಾಡಿ ಮಾಡಿದ. ಒಂದು ಹಳಿಗೆ ಎರಡು ಗಾಲಿ, ಆಚೆಯದಕ್ಕೆ ಊರುಗೋಲಿನಂತೆ ಒಂದು. 1879ರಲ್ಲಿ ಪೇಟೆಂಟು ಸಿಕ್ಕಿತು. ಅವನದು ಒಬ್ಬನೇ ಕೂತು ಒಬ್ಬನೇ ನಡೆಸುವ ಗಾಡಿ. ಕೂಡುವವನೊಬ್ಬ, ತಳ್ಳುವವರು ಬೇರೆ ಎಂಬ ಏರ್ಪಾಟು ನಮ್ಮ ಮಣ್ಣಿಗೆ ಒಗ್ಗಿದಂತೆ ಅಲ್ಲಿ ಒಗ್ಗಲಿಲ್ಲವೇನೋ.

ಇನ್ನು ನಮ್ಮಲ್ಲಿ ಹೊಸ ಲೈನು ತೆರೆಯುವ ಮೊದಲು ಅದನ್ನು ನೋಡಿ ಒಪ್ಪಬೇಕಾದವರು ರೈಲ್ವೆ ಸುರಕ್ಷತಾ ಆಯುಕ್ತರು. 2025ರ ಮೇ ತಿಂಗಳಲ್ಲಿ ರೈಲು ಕಂಡ ತಳಕಲ್–ಕುಷ್ಟಗಿ ಹಳಿಯೂ ಈ ಒಪ್ಪಿಗೆ ಪಡೆದೇ ತೆರೆದದ್ದು. ಅವರು ಸಾಮಾನ್ಯವಾಗಿ ಬರುವುದು ಮೋಟಾರ್ ಟ್ರಾಲಿಯಲ್ಲಿ. ಅವರ ಇಲಾಖೆ ಇರುವುದು ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲಿ! ರೈಲ್ವೆಯ ತಪ್ಪನ್ನು ರೈಲ್ವೆಯವರೇ ನೋಡಬಾರದೆಂಬ ಜಾಣತನ ಇದು. ಆದರೂ ವಿಮಾನದ ಸಚಿವಾಲಯದವರು ನೆಲದಿಂದ ಮೊಳದೆತ್ತರದ ಗಾಡಿಯಲ್ಲಿ ಬರುವುದನ್ನು ನೆನೆದರೆ ಮಾವನಿಗೆ ಇಂದಿಗೂ ಕೆಮ್ಮು ಬರುವಷ್ಟು ನಗು.

ಈ ಜಾತಿಯ ಗಾಡಿಗಳಲ್ಲಿ ನಮ್ಮ ನಾಡಿನ ಅಚ್ಚರಿ ಇರುವುದು ಮೈಸೂರಿನ ರೈಲ್ವೆ ಮ್ಯೂಸಿಯಮ್ಮಿನಲ್ಲಿ. 1925ರ ಸುಮಾರಿಗೆ ತಯಾರಾದ ಆಸ್ಟಿನ್ ಕಾರು. ಮೊದಲು ರಸ್ತೆಯಲ್ಲಿ ಓಡಿತು, ಆಮೇಲೆ ಗುಜರಿ ಸೇರಿತು. ಅಲ್ಲಿಂದ ಅದನ್ನು ಒಬ್ಬ ರೈಲ್ವೆ ನೌಕರ ಕೊಂಡ. ಟೈರು ಹೋಗಿ ಕಬ್ಬಿಣದ ಗಾಲಿ ಬಂದು, ಅದು ಹಳಿ ತಪಾಸಣೆಗೆ ಹೊರಟಿತು. 1979ರಲ್ಲಿ ಶುರುವಾದ ಆ ಮ್ಯೂಸಿಯಮ್ಮಿನಲ್ಲಿ 1899ರ ಮಹಾರಾಣಿಯ ಸಲೂನ್ ಬೋಗಿಯೂ ಇದೆ. ಜನ ಸಲೂನಿನ ಮುಂದೆ ಬಾಯಿ ತೆರೆದು ನಿಲ್ಲುತ್ತಾರೆ. ನಾನು ಆಸ್ಟಿನ್ನಿನ ಪಕ್ಷ. ಸಲೂನನ್ನು ಉಳಿಸಿದ್ದು ಅರಮನೆಯ ಹೆಸರು. ಈ ಬಡಪಾಯಿಯನ್ನು ಉಳಿಸಿದ್ದು ಸ್ಪ್ಯಾನರು ಹಿಡಿದ ಯಾರದೋ ಹಟ.

ಸಣ್ಣ ಗಾಡಿಗಳಿಗೆ ಇಂಥ ಹಟಮಾರಿಗಳು ಸಿಗುವುದು ಅಪರೂಪ. ಉಗಿ ಎಂಜಿನ್ನನ್ನು ಯಾರೂ ಮರೆತು ಬಿಸಾಡಲಾರರು; ಕದಿಯಲೂ ಕ್ರೇನು ಬೇಕು. ಟ್ರಾಲಿಗೆ ನಾಲ್ಕಾಳು ಸಾಕೆಂದು ನಿಯಮವೇ ಹೇಳುತ್ತದೆ. ಅದರ ಹಲಗೆ ಒಲೆಗೆ, ಗಾಲಿ ಗುಜರಿಗೆ. ಹುಬ್ಬಳ್ಳಿ–ಗದಗ ಲೈನು 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು, ಆಮೇಲೆ ಸೋಲಾಪುರದ ಕಡೆಯದೂ ಆಯಿತು. ಒಂದು ಮೀಟರಿನ ಅಗಲಕ್ಕೆ ಕೂಡಿಸಿದ ಗಾಲಿ 1,676 ಮಿಲಿಮೀಟರಿನ ಹಳಿಯ ಮೇಲೆ ಹೇಗೆ ಕೂತೀತು? ಎಂಜಿನ್ನುಗಳಾದರೂ ಕಟ್ಟೆಯ ಮೇಲೆ, ತೋಟದ ನಡುವೆ ಜಾಗ ಕಂಡವು.

ಹುಬ್ಬಳ್ಳಿಯ ಗದಗ ರಸ್ತೆಯಲ್ಲೇ 2020ರಲ್ಲಿ ರೈಲ್ವೆ ಮ್ಯೂಸಿಯಂ ತೆರೆದಿದೆ. ಅಂಥ ಕಡೆ ಒಂದಿಷ್ಟು ಹಳಿ ಹಾಕಿ, ಒಂದು ಟ್ರಾಲಿ ಇಟ್ಟು, ಬಂದವರ ಕೈಯಲ್ಲೇ ತಳ್ಳಿಸಬೇಕೆಂದು ನನ್ನ ಆಸೆ. ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಬೆಂಚು ಉಳಿದೀತು, ಓಟ ಉಳಿಯದು. ಇದನ್ನು ಮಾವನ ಮುಂದೆ ಹೇಳಿದೆ. ಅವರು ಎಲಿಅಡಿಕಿ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, ದರಪಟ್ಟಿಯನ್ನೂ ಗೊತ್ತು ಮಾಡಿಕೊಟ್ಟರು.

"ತಳ್ಳೋರಿಗೆ ಟಿಕೀಟು ಹಚ್ಚು. ರಿಟೈರಾದ ಸಾಹೇಬ್ರು ಬಂದ್ರ ಡಬಲ್. ಮ್ಯಾಲೆ ಕೂಡಾಕ ನಾ ಬರತೀನಿ, ಪುಕ್ಕಟೆ. ಕೊಡಿ ಮಾತ್ರ ಹೊಸಾದು ಬೇಕು."