ಕ್ರೀಟ್ ದ್ವೀಪದ ಖಾಸಗಿ ಕಾರು: ಒಂದು ಶಾಸ್ತ್ರೀಯ ವಿವೇಚನೆ

ಪ್ರವಾಸಶಾಸ್ತ್ರದಲ್ಲಿ ಪಂಡಿತರು ಕೈಹಾಕದೆ ಬಿಟ್ಟ ಒಂದು ಅಧ್ಯಾಯವಿದೆ. ಪರದೇಶದ ದ್ವೀಪದಲ್ಲಿ, ಪರರ ಕಾರಿನ ಹಿಂದಿನ ಸೀಟಿನಲ್ಲಿ, ಪರರ ಮಾತಿಗೆ ತಲೆಯಾಡಿಸುತ್ತ ಇಡೀ ದಿನ ಕೂರುವುದು ಹೇಗೆ ಎಂಬ ಅಧ್ಯಾಯ. ಕೂರುವುದರಲ್ಲಿ ಏನು ಮಹಾ ಎನ್ನುವವರಿಗಾಗಿ ಇದನ್ನು ಬರೆದಿಲ್ಲ. ಅವರು ಸ್ವಿಟ್ಜರ್ಲೆಂಡಿಗೆ ಹೋಗಿ ರೈಲು ಹತ್ತಲಿ.

ಅಧ್ಯಯನಕ್ಕೆ ಗ್ರೀಸಿನ ಕ್ರೀಟ್ ದ್ವೀಪವನ್ನು ಆರಿಸಿಕೊಂಡಿದ್ದೇವೆ. ಕ್ಯಾಲೆಂಡರಿನಲ್ಲಿ ಬರುವ ನೀಲಿ ಗುಮ್ಮಟದ ಸ್ಯಾಂಟೊರಿನಿ ಯಾಕಲ್ಲ ಎಂದರೆ, ಅದರ ವಿಸ್ತೀರ್ಣ ಸುಮಾರು 76 ಚದರ ಕಿಲೋಮೀಟರ್ ಅಷ್ಟೆ. ಚಾಲಕ ಗಂಟಲು ಸರಿಮಾಡಿಕೊಂಡು ಕತೆ ಶುರುಮಾಡುವಷ್ಟರಲ್ಲಿ ಎದುರಿಗೆ ಸಮುದ್ರ ಬಂದಿರುತ್ತದೆ. ಕ್ರೀಟ್ ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 260 ಕಿಲೋಮೀಟರ್ ಉದ್ದ, ಮೆಡಿಟರೇನಿಯನ್ ಸಮುದ್ರದ ಐದನೆಯ ದೊಡ್ಡ ದ್ವೀಪ. ಇಲ್ಲಿ ಪುರಾಣದ ಮಿನೋಸ್ ರಾಜನ ವಂಶಾವಳಿ ಮುಗಿದ ಮೇಲೂ ಚಾಲಕನ ಸ್ವಂತ ವಂಶಾವಳಿಗೆ ಬೇಕಾದಷ್ಟು ರಸ್ತೆ ಉಳಿದಿರುತ್ತದೆ.

ಶರಣಾಗತಿಯ ವಿಷಯದಲ್ಲಿ ಶ್ರೀವೈಷ್ಣವರು ಎರಡು ನ್ಯಾಯಗಳನ್ನು ಹೇಳುತ್ತಾರೆ. ಮರ್ಕಟಕಿಶೋರ ನ್ಯಾಯದಲ್ಲಿ ಕೋತಿಮರಿ ತಾನಾಗಿಯೇ ತಾಯಿಯ ಹೊಟ್ಟೆಯನ್ನು ಅವಚಿ ಹಿಡಿಯಬೇಕು, ಕೈಬಿಟ್ಟರೆ ಕೆಟ್ಟಿತು. ಮಾರ್ಜಾಲಕಿಶೋರ ನ್ಯಾಯದಲ್ಲಿ ಮರಿಗೆ ಕೆಲಸವೇ ಇಲ್ಲ, ತಾಯಿಬೆಕ್ಕು ಕತ್ತು ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಕ್ರೀಟಿನಲ್ಲಿ ಬಾಡಿಗೆ ಕಾರನ್ನು ತಾನೇ ಓಡಿಸುವವನು ಮೊದಲನೆಯ ಪಂಗಡದವನು. ಎಡಗಡೆಯ ಸ್ಟಿಯರಿಂಗು, ಬಲಗಡೆಯ ರಸ್ತೆ, ಗ್ರೀಕ್ ಅಕ್ಷರದ ಫಲಕ, ಪಕ್ಕದಲ್ಲಿ ಮ್ಯಾಪ್ ಹಿಡಿದ ಹೆಂಡತಿ, ಎಲ್ಲವನ್ನೂ ಅವಚಿಕೊಂಡೇ ಸಾಗಬೇಕು. ಚಾಲಕನ ಸಮೇತ ಖಾಸಗಿ ಕಾರು ಗೊತ್ತುಮಾಡಿದವನು ಎರಡನೆಯ ಪಂಗಡ. ಯಾವುದು ಮೇಲು ಎಂದು ಶ್ರೀವೈಷ್ಣವರ ವಡಗಲೆ ತೆಂಗಲೆ ಪಂಗಡದವರು ಶತಮಾನಗಳಿಂದ ವಾದಿಸಿದ್ದನ್ನು ಪ್ರವಾಸದ ಕಂಪನಿಗಳು ದರಪಟ್ಟಿಯಲ್ಲೇ ಬಗೆಹರಿಸಿವೆ. ಎರಡನೆಯದು ದುಬಾರಿ.

ಈ ನ್ಯಾಯದಲ್ಲಿ ಪ್ರವಾಸಿಗಳು ಗಮನಿಸದ ಒಂದು ಸೂಕ್ಷ್ಮವಿದೆ. ಎಲ್ಲಿ ಇಳಿಸಲಿ ಎಂದು ಯಾವ ಬೆಕ್ಕೂ ಮರಿಯನ್ನು ಕೇಳುವುದಿಲ್ಲ.

ಕರಪತ್ರದಲ್ಲಿ ಮಾತ್ರ ಕೇಳುತ್ತಾರೆ. ಪೂರ್ತಿ ನಿಮ್ಮ ಇಷ್ಟದಂತೆ, ನಿಮ್ಮ ವೇಗದಲ್ಲಿ, ಜನಜಂಗುಳಿಯಿಂದ ದೂರ, ಎಸಿ ಕಾರು, ವೈಫೈ, ನೀರಿನ ಬಾಟಲಿ ಉಚಿತ ಎಂದಿರುತ್ತದೆ. ಬೆಳಿಗ್ಗೆ ಹೋಟೆಲಿನ ಮುಂದೆ ಕಪ್ಪು ಕನ್ನಡಕದ ಮಹಾಶಯರೊಬ್ಬರು ಬಾಗಿಲು ತೆರೆದು, "ಹೇಳಿ ಮೈ ಫ್ರೆಂಡ್, ಇವತ್ತು ನಿಮಗೆ ಏನು ನೋಡುವ ಆಸೆ?" ಎನ್ನುತ್ತಾರೆ. ಇದು ಸಂಕಲ್ಪದ ಮಂತ್ರವಿದ್ದಂತೆ, ಉತ್ತರ ಬಯಸುವ ಪ್ರಶ್ನೆಯೇ ಅಲ್ಲ. ನೀವು ಹಳ್ಳಿ ಎನ್ನಿ, ಕಡಲತೀರ ಎನ್ನಿ, ಬೈಜಾಂಟೈನ್ ಭಿತ್ತಿಚಿತ್ರ ಎನ್ನಿ, ಮಹಾಶಯರು ಮೆಚ್ಚುಗೆಯಿಂದ ತಲೆದೂಗಿ ಕ್ನೋಸೋಸ್ ಎಂಬ ಪುರಾತನ ಅರಮನೆಯ ಕಡೆಗೆ ಗಾಡಿ ತಿರುಗಿಸುತ್ತಾರೆ. ಜನಜಂಗುಳಿಯಿಂದ ದೂರ ಇರಬಯಸುವವರೆಲ್ಲ ಅಲ್ಲಿ ಒಟ್ಟಿಗೆ ಸಿಗುತ್ತಾರೆ.

ದಾರಿಯ ಬಗ್ಗೆ ನಾಲ್ಕು ಮಾತು. ದ್ವೀಪದ ಉತ್ತರ ತೀರದ ಹೆದ್ದಾರಿ ಬಹುಪಾಲು ಕಡೆ ಎರಡೇ ಸಾಲಿನದು. ಕ್ರೀಟಿನವರು ಅದನ್ನು ನಾಲ್ಕು ಸಾಲೆಂದು ಭಾವಿಸಿ ಓಡಿಸುತ್ತಾರೆ. ನಿಧಾನದ ಗಾಡಿ ಅರ್ಧ ಮೈಯನ್ನು ರಸ್ತೆಯಂಚಿನ ಬಿಳಿ ಗೆರೆಯಾಚೆ ಸರಿಸಿಕೊಳ್ಳಬೇಕು, ಹಿಂದಿನವನು ನಡುಗೆರೆಯ ಮೇಲೆ ನುಗ್ಗಬೇಕು, ಎದುರಿನವನೂ ಹಾಗೇ ಸರಿಯಬೇಕು. ಇದು ಕಾನೂನಿನ ಪುಸ್ತಕದಲ್ಲಿಲ್ಲ, ಆದರೆ ಪಾಲಿಸದವನಿಗೆ ಹಾರ್ನಿನ ಶಿಕ್ಷೆಯಿದೆ. ಕಾರಿನೊಳಗೆ ದೃಷ್ಟಿ ತಾಗದಂತೆ ಕನ್ನಡಿಗೆ ಕಟ್ಟಿದ ನೀಲಿ ಕಣ್ಣಿನ ಮಣಿ, ಅದರ ಪಕ್ಕ ಶಿಲುಬೆ. ದಾರಿಯಲ್ಲಿ ಚರ್ಚು ಕಂಡಾಗ ಭಕ್ತನಾದ ಚಾಲಕ ಮೂರು ಸಲ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾನೆ, ಬೆಟ್ಟದ ಚರ್ಚುಗಳನ್ನೋ ಹಿರಿಯರು ಸರಿಯಾಗಿ ತಿರುವಿನಲ್ಲೇ ಕಟ್ಟಿದ್ದಾರೆ. ತಿರುವುಗಳಲ್ಲಿ ಇನ್ನೂ ಚಿಕ್ಕದಾದ, ಕಂಬದ ಮೇಲೆ ಪೆಟ್ಟಿಗೆಯಿಟ್ಟಂಥ ಗೂಡುಗಳೂ ಇವೆ. ಒಳಗೆ ದೀಪ, ಸಂತನ ಪಟ. ಅಲ್ಲಿ ಅಪಘಾತದಲ್ಲಿ ಸತ್ತವರ ನೆನಪಿಗೆ, ಅಥವಾ ಬದುಕಿ ಉಳಿದವರ ಹರಕೆಗೆ ಮನೆಯವರು ಕಟ್ಟಿಸಿದ್ದು. ಪ್ರವಾಸಿ ಇವುಗಳ ಫೋಟೋ ತೆಗೆಯಬಹುದು, ಎಣಿಸಬಾರದು. ಇನ್ನೂ ಮೇಲಕ್ಕೆ ಹೋದರೆ ಗುಂಡು ತಾಗಿ ತೂತಾದ ರಸ್ತೆ ಫಲಕಗಳು ಸಿಗುತ್ತವೆ. ಊರಿನ ಹೆಸರು ಓದಲಾಗದಿದ್ದರೂ ಊರಿನವರ ಸ್ವಭಾವ ತಿಳಿಯುತ್ತದೆ.

ಈಗ ಕ್ನೋಸೋಸ್. ಇಲ್ಲಿ ನಮ್ಮ ಶಾಸ್ತ್ರದ ಅತ್ಯಂತ ಸುಂದರವಾದ ಘಟ್ಟ ಬರುತ್ತದೆ. ಇಡೀ ದಿನದ ವಿವರಣೆಗೆಂದು ನೂರಾರು ಯೂರೋ ಕೊಟ್ಟು ಗೊತ್ತುಮಾಡಿದ ಮಹಾಶಯರು ಅರಮನೆಯ ಗೇಟಿನ ಹೊರಗೆ ನಿಂತುಬಿಡುತ್ತಾರೆ. ಗ್ರೀಸಿನ ಕಾನೂನಿನ ಪ್ರಕಾರ ಪುರಾತತ್ವ ತಾಣಗಳ ಒಳಗೆ ವಿವರಣೆ ಕೊಡುವ ಹಕ್ಕು ಪರವಾನಗಿ ಪಡೆದ ಗೈಡುಗಳಿಗೆ ಮಾತ್ರ. ಬರಿಯ ಚಾಲಕನಿಗೆ ಆ ಹಕ್ಕಿಲ್ಲ. ಆದ್ದರಿಂದ ನಾಲ್ಕು ಸಾವಿರ ವರ್ಷ ಹಳೆಯ ಮಿನೋವನ್ ನಾಗರಿಕತೆಯನ್ನು ಅವರು ಪಾರ್ಕಿಂಗಿನಲ್ಲೇ, ಕಾರಿಗೆ ಒರಗಿಕೊಂಡು ಸಿಗರೇಟು ಹೊತ್ತಿಸಿ ಹೇಳಿ ಮುಗಿಸುತ್ತಾರೆ. ಗೂಳಿ ತಲೆಯ ಮಿನೋಟಾರ್, ಚಕ್ರವ್ಯೂಹ, ದಾರದ ಉಂಡೆ ಹಿಡಿದ ಥೀಸಿಯಸ್, ಎಲ್ಲ ಅಲ್ಲೇ ಆಗುತ್ತದೆ. ಒಳಗೆ ಹೋಗಿ ವಿವರಣೆಯಿಲ್ಲದೆ ನೋಡಿ, ಹೊರಗೆ ಬಂದು ನೋಡದೆ ವಿವರಣೆ ಕೇಳಬಹುದು. ಎರಡನ್ನೂ ಒಟ್ಟಿಗೆ ಬಯಸುವುದು ದುರಾಸೆ.

ಒಳಗಿನ ಕೆಂಪು ಕಂಬಗಳ ಮುಂದೆ ನಿಂತು ಇದು ಎಷ್ಟು ಹಳೆಯದು ಎಂದು ಅಚ್ಚರಿಪಡುವುದು ವಾಡಿಕೆ. ಅಚ್ಚರಿಪಡಬಹುದು, ನೂರು ವರ್ಷದ ಕಾಂಕ್ರೀಟಿಗೂ ಒಂದು ಮರ್ಯಾದೆಯಿದೆ. 1878ರಲ್ಲಿ ಇಲ್ಲಿ ಮೊದಲು ಅಗೆದವನು ಊರಿನವನೇ ಆದ ಮಿನೋಸ್ ಕಲೋಕೈರಿನೋಸ್. ಹೆಸರಿನಲ್ಲಿ ರಾಜನೇ ಇದ್ದರೂ ಕೀರ್ತಿ ಹೋದದ್ದು 1900ರಲ್ಲಿ ಬಂದ ಇಂಗ್ಲೆಂಡಿನ ಆರ್ಥರ್ ಇವಾನ್ಸ್‌ಗೆ. ಇವಾನ್ಸ್ ಅಗೆದಿದ್ದಲ್ಲದೆ, ಅರಮನೆ ಹೇಗಿರಬೇಕಿತ್ತೋ ಹಾಗೆ ಕಬ್ಬಿಣ ಕಾಂಕ್ರೀಟು ಹಾಕಿ ಕಟ್ಟಿಸಿಯೂ ಬಿಟ್ಟ. ಗರಿಯ ಕಿರೀಟ ತೊಟ್ಟ 'ಲಿಲಿ ರಾಜಕುಮಾರ' ಎಂಬ ಪ್ರಸಿದ್ಧ ಚಿತ್ರವಿದೆಯಲ್ಲ, ಅದರ ತುಂಡುಗಳು ಬೇರೆ ಬೇರೆ ಆಕೃತಿಗಳವು ಎಂದು ಅನೇಕ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಒಬ್ಬನ ಕಿರೀಟ, ಇನ್ನೊಬ್ಬನ ಎದೆ, ಮತ್ತೊಬ್ಬನ ಕಾಲು ಸೇರಿ ಒಬ್ಬ ರಾಜಕುಮಾರ. ಸಮ್ಮಿಶ್ರ ಸರ್ಕಾರ ಕಂಡ ನಮಗೆ ಇದು ವಿಚಿತ್ರವೆನಿಸಬೇಕಾಗಿಲ್ಲ. ಅಲ್ಲಿ ಗೋಡೆಯ ಮೇಲಿರುವುದು ಅದರ ನಕಲು, ಮೂಲ ತುಂಡುಗಳು ಹತ್ತಿರದ ಹೆರಾಕ್ಲಿಯನ್ ಪಟ್ಟಣದ ಮ್ಯೂಸಿಯಮ್ಮಿನಲ್ಲಿವೆ.

ಮುಂದೆ ಝೂಸ್ ದೇವರ ಜನ್ಮಸ್ಥಳ. ಕ್ರೀಟಿನಲ್ಲಿ ಅದು ಎರಡಿದೆ. ಪೂರ್ವದಲ್ಲಿ ಲಸೀಥಿ ಪ್ರಸ್ಥಭೂಮಿಯ ಸೈಕ್ರೋ ಹಳ್ಳಿಯ ಗವಿ, ನಡುವೆ 2,456 ಮೀಟರ್ ಎತ್ತರದ ಸಿಲೋರಿಟಿಸ್ ಪರ್ವತದ ಇಡಾ ಗವಿ. ಹುಟ್ಟಿದ್ದು ಅಲ್ಲಿ ಬೆಳೆದದ್ದು ಇಲ್ಲಿ ಎಂದು ಕೆಲವರು ರಾಜಿ ಮಾಡಿಸಿದ್ದಾರೆ. ಮಹಾಶಯರ ನಿಲುವು ಇದಕ್ಕಿಂತ ಸರಳ: ಪೂರ್ವದ ಪ್ಯಾಕೇಜು ತೆಗೆದುಕೊಂಡವರಿಗೆ ಪೂರ್ವದಲ್ಲಿ ಹುಟ್ಟಿದ. ವಿಶೇಷವೆಂದರೆ ಇಲ್ಲಿನವರು ಈ ಅಮರನಾದ ದೇವರಿಗೆ ಸಮಾಧಿಯನ್ನೂ ಕಟ್ಟಿಕೊಟ್ಟಿದ್ದಾರೆ. ಹೆರಾಕ್ಲಿಯನ್ನಿನ ದಕ್ಷಿಣಕ್ಕೆ ಯೂಕ್ತಾಸ್ ಎಂಬ ಬೆಟ್ಟ, ಅಂಗಾತ ಮಲಗಿದ ಗಡ್ಡದ ಮುಖದ ಹಾಗೆ ಕಾಣುತ್ತದೆ, ಅದೇ ಝೂಸ್ ಸತ್ತು ಮಲಗಿದ ಜಾಗ. ಹುಟ್ಟು ಸಾವು ಎರಡೂ ಒಂದೇ ದಿನದ ಪ್ರವಾಸದಲ್ಲಿ ಮುಗಿಯುವ ದೇವರು ಅಪರೂಪ.

ಸತ್ತ ದೇವರ ಈ ಕತೆಯಿಂದಾಗಿಯೇ ಉಳಿದ ಗ್ರೀಕರು ಕ್ರೀಟಿನವರನ್ನು ಸುಳ್ಳುಗಾರರೆಂದು ಕರೆದರು. ಕ್ರೀಟಿನವರೆಲ್ಲ ಸುಳ್ಳುಗಾರರು ಎಂದು ಕ್ರೀಟಿನವನೇ ಆದ ಎಪಿಮೆನಿಡೀಸ್ ಹೇಳಿದನಂತೆ. ಅವನ ಮಾತು ನಿಜವಾದರೆ ಸುಳ್ಳಾಗುತ್ತದೆ ಎಂಬ ಗಂಟನ್ನು ತರ್ಕಶಾಸ್ತ್ರಜ್ಞರು ಇವತ್ತಿಗೂ ಜಗ್ಗುತ್ತಿದ್ದಾರೆ. "ಬೇರೆ ಡ್ರೈವರುಗಳನ್ನು ನಂಬಬೇಡಿ ಮೈ ಫ್ರೆಂಡ್, ಅವರೆಲ್ಲ ಕಮಿಷನ್ನಿನ ಅಂಗಡಿಗೆ ಕರೆದೊಯ್ಯುತ್ತಾರೆ" ಎಂದು ಮಹಾಶಯರು ಅಂಗಡಿಯೊಂದರ ಮುಂದೆ ಗಾಡಿ ನಿಲ್ಲಿಸುತ್ತ ಹೇಳಿದಾಗ ಪ್ರವಾಸಿ ಆ ಗಂಟನ್ನು ಕಣ್ಣಾರೆ ಕಾಣಬಹುದು. ಇದೇ ಎಪಿಮೆನಿಡೀಸ್ ಗವಿಯೊಂದರಲ್ಲಿ 57 ವರ್ಷ ನಿದ್ದೆ ಮಾಡಿದನೆಂಬ ಐತಿಹ್ಯವೂ ಇದೆ. ಹಿಂದಿನ ಸೀಟಿನಲ್ಲಿ ತೂಕಡಿಸುವವರು ಸಂಕೋಚಪಡಬೇಕಿಲ್ಲ, ಸ್ಥಳೀಯ ಪರಂಪರೆಯಿದೆ.

ಅಂಗಡಿಯಲ್ಲಿ ಕೊಳ್ಳಬೇಕಾದದ್ದು ಫೈಸ್ಟೋಸ್ ಬಿಲ್ಲೆ. 1908ರಲ್ಲಿ ಫೈಸ್ಟೋಸ್ ಅರಮನೆಯ ಅವಶೇಷದಲ್ಲಿ ಸಿಕ್ಕಿದ ಅಂಗೈಯಗಲದ ಮಣ್ಣಿನ ತಟ್ಟೆ ಅದು. ಎರಡೂ ಕಡೆ ಸುರುಳಿಯಾಗಿ ಒತ್ತಿದ 241 ಚಿಹ್ನೆಗಳಿವೆ, ಏನು ಬರೆದಿದೆ ಎಂದು ಇದುವರೆಗೆ ಯಾರೂ ಒಪ್ಪುವಂತೆ ಓದಿಲ್ಲ. ಅದರ ನಕಲುಗಳು ಓಲೆಯಾಗಿ, ಪದಕವಾಗಿ, ಕೀಚೈನಾಗಿ, ಮಗ್ಗಿನ ಚಿತ್ರವಾಗಿ ದ್ವೀಪದ ತುಂಬ ಸಿಗುತ್ತವೆ. ದೇವರ ಸ್ತೋತ್ರವೋ ಎಣ್ಣೆ ಬಾಕಿಯ ಲೆಕ್ಕವೋ ತಿಳಿಯದ್ದನ್ನು ಕೊರಳಿಗೆ ಹಾಕಿಕೊಂಡು ಮದುವೆಮನೆಗೆ ಹೋಗುವ ಸುಖವೇ ಬೇರೆ. ಸಹಿ ಹಾಕುವ ಮುನ್ನ ಸಾಲಪತ್ರ ಓದದವರಿಗೆ ಇದು ಅಭ್ಯಾಸವಾಗಿರುತ್ತದೆ.

ಊಟಕ್ಕೆ ಮಹಾಶಯರ ದೊಡ್ಡಪ್ಪನ ಮಗನ ತವೆರ್ನಾ. ಕ್ರೀಟಿನಲ್ಲಿ ದೊಡ್ಡಪ್ಪನ ಮಗನಿಲ್ಲದ ಊರಿಲ್ಲ. ಊಟಕ್ಕೆ ಮೊದಲು ಆಲಿವ್ ಎಣ್ಣೆಯನ್ನು ಪುಟ್ಟ ಲೋಟದಲ್ಲಿ ಹಾಗೇ ಕುಡಿಯಲು ಕೊಡುತ್ತಾರೆ. ಹರಳೆಣ್ಣೆ ಕುಡಿದು ಬೆಳೆದ ತಲೆಮಾರಿನವರು ಮುಖ ಗಂಟಿಕ್ಕದೆ ಕುಡಿದುಬಿಡುತ್ತಾರೆ, ಅವರನ್ನು ಅಲ್ಲಿ ರಸಿಕರೆಂದು ತಿಳಿಯುತ್ತಾರೆ. ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ 1950ರ ದಶಕದ ಕೊನೆಯಲ್ಲಿ ಏಳು ದೇಶಗಳ ಗಂಡಸರ ಊಟವನ್ನೂ ಹೃದಯವನ್ನೂ ಅಭ್ಯಾಸ ಮಾಡಲು ಹೊರಟಾಗ, ಹೃದ್ರೋಗ ತೀರ ಕಡಿಮೆ ಕಂಡದ್ದು ಈ ಕ್ರೀಟಿನ ಹಳ್ಳಿಗರಲ್ಲಿ. ಅವರು ತಿನ್ನುತ್ತಿದ್ದದ್ದು ಒರಟು ರೊಟ್ಟಿ, ಕಾಳು, ಬೆಟ್ಟದ ಸೊಪ್ಪು, ಧಾರಾಳ ಎಣ್ಣೆ, ಮಾಂಸ ಎಂದೋ ಒಮ್ಮೆ. ದಿನವಿಡೀ ಹೊಲದಲ್ಲಿ ದುಡಿಯುತ್ತಿದ್ದರು. ಆಗ ಬಡತನ ಎನ್ನಿಸಿಕೊಂಡದ್ದಕ್ಕೆ ಈಗ ಮೆಡಿಟರೇನಿಯನ್ ಡಯಟ್ ಎಂಬ ಹೆಸರು. ದುಡಿಮೆಯ ಭಾಗವನ್ನು ನಮಗಾಗಿ ಕಾರು ಮಾಡುತ್ತದೆ.

ನಮ್ಮ ಸಸ್ಯಾಹಾರಿಗಳು ಇಲ್ಲಿ ಕೊಂಚ ಎಚ್ಚರ ವಹಿಸಬೇಕು. ಒಣರೊಟ್ಟಿಯ ಮೇಲೆ ಟೊಮೇಟೊ, ಚೀಸು, ಎಣ್ಣೆ ಹಾಕಿದ ದಾಕೋಸ್, ಬೇಯಿಸಿ ನಿಂಬೆ ಹಿಂಡಿದ ಸೊಪ್ಪು, ಅನ್ನ ತುಂಬಿದ ಟೊಮೇಟೊ, ದೊಡ್ಡ ಅವರೆಯಂಥ ಕಾಳಿನ ಪಲ್ಯ, ಇವಿಷ್ಟರಲ್ಲಿ ಯಾವ ಮಾಧ್ವರೂ ಒಂದು ವಾರ ಕಳೆಯಬಹುದು, ಈರುಳ್ಳಿಯ ವಿಷಯ ಕೇಳದಿದ್ದರೆ. ಯಾರೋ ಬುದ್ಧಿವಂತರು 'ನಿಸ್ತೀಸಿಮೋ' ಎಂದರೆ ಉಪವಾಸದ ಅಡುಗೆ, ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಏನೂ ಇರುವುದಿಲ್ಲ, ಅದನ್ನೇ ಕೇಳಿ ಎಂದು ಹೇಳಿಕೊಟ್ಟಿರುತ್ತಾರೆ. ಮಾತು ನಿಜ. ಆದರೆ ಗ್ರೀಕರ ಉಪವಾಸಕ್ಕೆ ಆಕ್ಟೋಪಸ್, ಸಿಗಡಿ ನಡೆಯುತ್ತದೆ. ಎಂಟು ಕಾಲಿನದೊಂದು ತಟ್ಟೆಗೆ ಬಂದಾಗ ನೀವು ಬೆಚ್ಚಿದರೆ ಮಹಾಶಯರು ಸಮಾಧಾನ ಹೇಳುತ್ತಾರೆ: "ಇದಕ್ಕೆ ರಕ್ತವೇ ಇಲ್ಲ ಮೈ ಫ್ರೆಂಡ್." ಊಟವಾದ ಮೇಲೆ ಕೇಳದಿದ್ದರೂ ಒಂದು ಪುಟ್ಟ ಸೀಸೆ ರಾಕಿ ಬರುತ್ತದೆ. ದ್ರಾಕ್ಷಿಯ ಸಿಪ್ಪೆಯಿಂದ ಇಳಿಸಿದ ಸಾರಾಯಿ, ಬಿಲ್ಲಿಗೆ ಸೇರಿಸುವುದಿಲ್ಲ. ಬಿಲ್ಲು ನೋಡುವ ಮುಂಚೆ ಅದನ್ನು ಕುಡಿಸುವುದರಲ್ಲಿ ಅತಿಥಿಸತ್ಕಾರದ ದೀರ್ಘ ಅನುಭವ ಕಾಣುತ್ತದೆ.

ಅಷ್ಟರಲ್ಲಿ ಪಕ್ಕದ ಮೇಜಿನವರು ಎದ್ದು ಒಬ್ಬರ ಹೆಗಲಿಗೊಬ್ಬರು ಕೈಹಾಕಿ ಸಿರ್ತಾಕಿ ಕುಣಿಯುತ್ತಾರೆ. ಗ್ರೀಕರ ಈ ಪ್ರಾಚೀನ ನೃತ್ಯ ಹುಟ್ಟಿದ್ದು 1964ರಲ್ಲಿ, 'ಝೋರ್ಬಾ ದಿ ಗ್ರೀಕ್' ಸಿನಿಮಾಕ್ಕಾಗಿ. ಕಾದಂಬರಿ ಕ್ರೀಟಿನ ಕಜಂತ್ಜಾಕಿಸ್ ಬರೆದದ್ದು, ಸಂಗೀತ ಥಿಯೋಡೊರಾಕಿಸ್ ಅವರದು, ಕಡಲತೀರದ ಚಿತ್ರೀಕರಣ ಖಾನಿಯಾ ಪಟ್ಟಣದ ಹತ್ತಿರ ಸ್ತಾವ್ರೋಸ್‌ನಲ್ಲಿ, ಕುಣಿದ ಆಂಟನಿ ಕ್ವಿನ್ ಹುಟ್ಟಿದ್ದು ಮೆಕ್ಸಿಕೋದಲ್ಲಿ. ಕ್ರೀಟಿನದೇ ಆದ ಹಳೆಯ ಕುಣಿತಗಳಿವೆ, ಮಡಿಲಲ್ಲಿಟ್ಟು ಬಾರಿಸುವ ಲೀರಾ ಎಂಬ ವಾದ್ಯವಿದೆ, ಹದಿನೈದು ಅಕ್ಷರದ ಸಾಲುಗಳಲ್ಲಿ ಆಶುವಾಗಿ ಕಟ್ಟುವ ಮಂಟಿನಾದಾ ಎಂಬ ದ್ವಿಪದಿಗಳಿವೆ. ಅವನ್ನು ಹಳ್ಳಿಯ ಮದುವೆಗಳಲ್ಲಿ ಊರಿನವರು ತಮಗೋಸ್ಕರ ಹಾಡುತ್ತಾರೆ. ಪ್ಯಾಕೇಜಿನಲ್ಲಿ ಸೇರಿಲ್ಲ.

ಸಮಯ ಉಳಿದರೆ ವೂವೆಸ್ ಹಳ್ಳಿಯ ಆಲಿವ್ ಮರ. ಎರಡು ಸಾವಿರ ವರ್ಷವಂತೂ ಆಗಿದೆ ಎನ್ನುವವರಿದ್ದಾರೆ, ನಾಲ್ಕು ಸಾವಿರ ಎನ್ನುವವರೂ ಇದ್ದಾರೆ. ಮರದ ನಡುತಿರುಳು ಎಂದೋ ಹೋಗಿ ಪೊಳ್ಳಾಗಿರುವುದರಿಂದ ಉಂಗುರ ಎಣಿಸಿ ನಿರ್ಧರಿಸುವ ಹಾಗಿಲ್ಲ. ವಯಸ್ಸು ಚಾಲಕನಿಂದ ಚಾಲಕನಿಗೆ ಬೆಳೆಯುತ್ತದೆ, ಟಿಪ್ಸಿನ ನಿರೀಕ್ಷೆಯೊಂದಿಗೆ ಅದಕ್ಕೆ ಸಂಬಂಧವಿದೆಯೆಂಬುದು ನಮ್ಮ ಊಹೆ. ಎಲಫೋನಿಸಿ ತೀರದ ಗುಲಾಬಿ ಮರಳಿನ ಬಗ್ಗೆ ಹೇಳುವುದೇನೂ ಇಲ್ಲ, ಫೋನಿನಲ್ಲಿ ಇನ್ನಷ್ಟು ಗುಲಾಬಿಯಾಗಿ ಸಿಗುತ್ತದೆ.

ಸಂಜೆ ಹೋಟೆಲಿನ ಮುಂದೆ ಇಳಿಸಿದಾಗ ಮಹಾಶಯರು ಕೈಕುಲುಕಿ, ಫೋನಿನಲ್ಲಿ ಐದು ನಕ್ಷತ್ರ ಒತ್ತಲು ಕೋರುತ್ತಾರೆ. ನಾಲ್ಕು ಒತ್ತುವುದು ಅಶಾಸ್ತ್ರೀಯ.

ಸಂಪಾದಕರ ಒತ್ತಾಯಕ್ಕೆ ಕಟ್ಟುಬಿದ್ದು ಒಂದು ಮಾಹಿತಿ ಸೇರಿಸಬೇಕಾಗಿದೆ, ಶಾಸ್ತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆರಾಕ್ಲಿಯನ್ ಪಟ್ಟಣದ ನಡುವಿನಿಂದ ಕ್ನೋಸೋಸ್ ಅರಮನೆಗೆ ಸುಮಾರು 5 ಕಿಲೋಮೀಟರ್. 2ನೇ ನಂಬರಿನ ಸಿಟಿ ಬಸ್ಸು ಗೇಟಿನ ಹತ್ತಿರವೇ ನಿಲ್ಲುತ್ತದೆ. ಪರವಾನಗಿ ಇರುವ ಗೈಡುಗಳು ಟಿಕೆಟ್ ಕೌಂಟರಿನ ಬಳಿ ಸಿಗುತ್ತಾರೆ, ಅವರು ಒಳಗೂ ಬರುತ್ತಾರೆ.