ಫೈಟರ್‌ಶಿಶುಪೋಷಣ ಮೀಮಾಂಸೆ

ವಿಷಯವನ್ನು ಮೊದಲೇ ಹೇಳಿಬಿಡುವುದು ಶಾಸ್ತ್ರಮರ್ಯಾದೆ. ಮೊಟ್ಟೆಯಿಡುವ ಅಕ್ವೇರಿಯಂ ಮೀನುಗಳ ಪೈಕಿ ಫೈಟರ್ ಎಂಬ ಥಾಯ್ಲೆಂಡ್ ಕಡೆಯ ಕಾಳಗಪ್ರಿಯನ ಮರಿಗಳನ್ನು ಬದುಕಿಸುವುದು ಹೇಗೆ ಎಂಬುದೇ ಇಲ್ಲಿನ ಜಿಜ್ಞಾಸೆ. ಗಪ್ಪಿ ಸಾಕುವವರು ಈ ಗ್ರಂಥಕ್ಕೆ ಅಧಿಕಾರಿಗಳಲ್ಲ. ಗಪ್ಪಿ ನೇರವಾಗಿ ಮರಿ ಹಾಕುತ್ತದೆ, ಆ ಮರಿ ಹುಟ್ಟಿದ ದಿನವೇ ಪುಡಿ ಆಹಾರಕ್ಕೆ ಬಾಯಿ ಹಾಕುತ್ತದೆ. ಅಲ್ಲಿ ಶಾಸ್ತ್ರಕ್ಕೇನು ಕೆಲಸ?

ಪೂರ್ವಾಚಾರ್ಯರನ್ನು ನೆನೆಯದೆ ಮುಂದುವರಿಯುವಂತಿಲ್ಲ. ಕಲ್ಯಾಣದ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವಿದೆ. ಆದರೆ ಅರಸರ ಆಸಕ್ತಿ ಗಾಳಕ್ಕೆ ಬೀಳುವ ಮೀನಿನಲ್ಲಿ. ಎಳ್ಳುಕಾಳಿನಷ್ಟೂ ದಪ್ಪವಿಲ್ಲದ ಮರಿ ಏನುಂಡೀತೆಂದು ಚಕ್ರವರ್ತಿ ಯಾಕೆ ತಲೆಕೆಡಿಸಿಕೊಂಡಾನು? ಆ ಭಾರ ನಮ್ಮ ಪಾಲಿಗೆ ಬಂದಿದೆ.

ಸೃಷ್ಟಿಪ್ರಕರಣ ಚಿಕ್ಕದು. ಗಂಡು ನೀರಿನ ಮೇಲೆ ನೊರೆಗೂಡು ಕಟ್ಟುತ್ತದೆ, ಉದುರಿದ ಮೊಟ್ಟೆಗಳನ್ನು ಬಾಯಲ್ಲಿ ಹೆಕ್ಕಿ ಅಲ್ಲಿಗೆ ಅಂಟಿಸುತ್ತದೆ. ಮೊಟ್ಟೆಯಿಟ್ಟು ಮುಗಿಸಿದ ಹೆಣ್ಣನ್ನು ಕೂಡಲೇ ಬೇರೆ ತೊಟ್ಟಿಗೆ ಬಿಡಬೇಕು. ಇಲ್ಲವಾದರೆ ಅಪ್ಪನೇ ಕಚ್ಚಿ ಓಡಿಸುತ್ತಾನೆ. 27 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಂದೆರಡು ದಿನಕ್ಕೆ ಮೊಟ್ಟೆ ಒಡೆದು, ಮರಿಗಳು ಗೂಡಿನಡಿ ಬಾಲ ಕೆಳಗೆ ಮಾಡಿ ನೇತಾಡುತ್ತವೆ. ಜಾರಿದವನ್ನು ಅಪ್ಪ ಮತ್ತೆ ಎತ್ತಿಟ್ಟು ಸುಸ್ತಾಗುತ್ತಾನೆ. ತಾಯಿ ಕಟ್ಟಿಕೊಟ್ಟ ಹಳದಿ ಬುತ್ತಿ ಹೊಟ್ಟೆಯಲ್ಲೇ ಇರುವುದರಿಂದ ಆ ಎರಡು ಮೂರು ದಿನ ಊಟ ಹಾಕತಕ್ಕದ್ದಲ್ಲ. ಮರಿಗಳು ಅಡ್ಡಡ್ಡ ಈಜತೊಡಗಿದೊಡನೆ ಅಪ್ಪನನ್ನೂ ಎತ್ತಿಬಿಡಬೇಕು. ತೂಗಿದ ಬಾಯೇ ನುಂಗಿದರೆ ದೂರು ಯಾರಿಗೆ?

ಇನ್ನು ಅನ್ನಮೀಮಾಂಸೆ. ಶಾಸ್ತ್ರದ ಜೀವವೆಲ್ಲ ಇಲ್ಲಿದೆ, ಜಗಳವೂ ಇಲ್ಲೇ. ಹಳದಿವಾದಿಗಳ ಪ್ರಕಾರ ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಹಾಕಿದರೆ ಸಾಕು. ಆಕ್ಷೇಪ: ಒಂದು ಹನಿ ಹೆಚ್ಚಾದರೂ ಸಂಜೆಯೊಳಗೆ ನೀರು ನಾರುತ್ತದೆ, ಅಲ್ಲದೆ ಮೊಟ್ಟೆಯಿಂದ ಬಂದವರಿಗೆ ಮೊಟ್ಟೆಯನ್ನೇ ಬಡಿಸುವುದು ಶಿಷ್ಟಾಚಾರವಲ್ಲ. ಪುಡಿವಾದಿಗಳದು ಇನ್ನೂ ದುರ್ಬಲ ಪಕ್ಷ. ಪುಡಿಗಿಂತ ಮರಿಯ ಬಾಯಿ ಚಿಕ್ಕದು, ಮೇಲಾಗಿ ಅಲುಗಾಡದ್ದನ್ನು ಅದು ಅನ್ನವೆಂದೇ ಒಪ್ಪುವುದಿಲ್ಲ.

ಸಿದ್ಧಾಂತವೇನೆಂದರೆ ಇನ್ಫುಸೋರಿಯಾ, ಅಂದರೆ ಕೊಳೆ ನೀರಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು. ಬಾಟಲಿಯಲ್ಲಿ ತೊಟ್ಟಿಯ ಹಳೆ ನೀರು, ಒಂದು ತುಂಡು ಬಾಳೆಹಣ್ಣಿನ ಸಿಪ್ಪೆ, ಕಿಟಕಿಯ ಬೆಳಕು. ಮೊದಲು ನೀರು ಹಾಲಿನಂತೆ ಕದಡಿ ವಾಸನೆ ಹೊಡೆಯುತ್ತದೆ. ಕೆಲವು ದಿನಕ್ಕೆ ತಿಳಿಯಾಗುತ್ತದೆ. ಆಗ ಬೆಳಕಿಗೆ ಹಿಡಿದರೆ ಧೂಳಿನ ಕಣಗಳು ತಾವಾಗಿಯೇ ಅತ್ತಿತ್ತ ಓಡಾಡಿದ ಹಾಗೆ ಕಾಣುತ್ತದೆ. 1670ರ ದಶಕದಲ್ಲಿ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ ಇಂಥ ಜೀವಿಗಳನ್ನು ತನ್ನ ಮಸೂರದಲ್ಲಿ ಕಂಡು ಬೆರಗಾದ. ನಮ್ಮ ಮನೆಯಾಕೆ ಮಸೂರವಿಲ್ಲದೆಯೇ ಕಂಡು, "ಏನ್ರೀ ಇದು, ಕೊಳೆ ನೀರಿಟ್ಟು ಪೂಜೆ ಮಾಡ್ತಿದ್ದೀರಾ?" ಎಂದಳು. ಮೂಗೂ ಒಂದು ಪ್ರಮಾಣವೇ, ನಿರಾಕರಿಸಲಾಗದು.

ಸುಮಾರು ವಾರ ಕಳೆದರೆ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸೀಗಡಿಗೆ ಬಡ್ತಿ. ಅಮೆರಿಕದ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್‌ನಿಂದ ಬರುವ ಒಣ ಮೊಟ್ಟೆಗಳನ್ನು ಉಪ್ಪುನೀರಿಗೆ ಹಾಕಿ ಗಾಳಿಗುಳ್ಳೆ ಬಿಟ್ಟರೆ ಸುಮಾರು ಒಂದು ದಿನದಲ್ಲಿ ಕಿತ್ತಳೆ ಬಣ್ಣದ ಚುಕ್ಕಿಗಳು ಹೊರಬರುತ್ತವೆ. ಸಿಹಿನೀರಲ್ಲಿ ತೊಳೆದು ಬಡಿಸಬೇಕು. ಮರಿ ದೇಹ ಬಾಗಿಸಿ ಚುಕ್ಕಿಯನ್ನೇ ದಿಟ್ಟಿಸಿ, ತಟ್ಟನೆ ಎಗರುತ್ತದೆ. ಪಾರದರ್ಶಕ ಹೊಟ್ಟೆ ಕಿತ್ತಳೆಯಾಗುತ್ತದೆ. ಬೆಟ್ಟದ ಹೊಗೆಯಿಂದ ಬೆಂಕಿಯನ್ನು ಊಹಿಸುವ ನೈಯಾಯಿಕರು ಈ ಹೊಟ್ಟೆಯಿಂದ ಊಟವನ್ನು ಊಹಿಸಬಹುದು.

ತೊಟ್ಟಿಗೆ ಮುಚ್ಚಳವಿರಲಿ. ಮೂರು ನಾಲ್ಕು ವಾರಕ್ಕೆ ಮರಿಗಳು ಮೇಲೆ ಬಂದು ಗಾಳಿ ಕುಡಿಯಲು ಕಲಿಯುತ್ತವೆ, ತಣ್ಣನೆ ಗಾಳಿ ಅವಕ್ಕೆ ಆಗದು.

ಫಲಶ್ರುತಿ: ಕೆಲವು ತಿಂಗಳಿಗೆ ಗಂಡುಮರಿಗಳು ಪರಸ್ಪರ ರೆಕ್ಕೆ ಹರಿಯತೊಡಗುತ್ತವೆ. ಎಷ್ಟು ಗಂಡೋ ಅಷ್ಟು ಬಾಟಲಿ ಬೇಕು. ಮನೆಯ ಉಪ್ಪಿನಕಾಯಿ ಆಗಲೇ ಪಾತ್ರೆಗೆ ವರ್ಗವಾಗಿದೆ. ಈ ಗ್ರಂಥವನ್ನು ಶ್ರದ್ಧೆಯಿಂದ ಓದಿ ಮನೆಗೆ ಬಂದವರಿಗೆ ತಲಾ ಒಂದು ಗಂಡುಮೀನು ಉಚಿತ. ಬಾಟಲಿ ಮಾತ್ರ ಅವರೇ ತೊಳೆದು ತರತಕ್ಕದ್ದು.